ಸಾಂಕ್ರಾಮಿಕದ ಕಾಲದಲ್ಲಿ ಓಟದ ಸ್ಪರ್ಧೆ: ನಿಲ್ಲಿಸುವ ನಿಯಮ ಮೊದಲೇ ಇರಲಿ

ಕಳೆದ ವಾರ ನನ್ನ ದವಾಖಾನೆಗೆ ನಾಲ್ವರು ಯುವಕರು ಬಂದಿದ್ದರು. ಅವರಿಗೆ ಜ್ವರವೂ ಇರಲಿಲ್ಲ, ನೆಗಡಿಯೂ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ತಮ್ಮ ಊರಿನಲ್ಲಿ ಜೋಡೆತ್ತಿನ ಗಾಡಿ ಓಟದ ಸ್ಪರ್ಧೆ ಏರ್ಪಡಿಸಬೇಕೆಂದಿದ್ದಾರೆ. ಆ ದಿನ ಪ್ರಥಮ ಚಿಕಿತ್ಸೆಗೆ ನಾನು ಬಂದು ಕೂರಬೇಕೆಂದು ಕೇಳಲು ಬಂದಿದ್ದರು. ಕರಪತ್ರದ ಕರಡನ್ನೂ ಮೇಜಿನ ಮೇಲೆ ಇಟ್ಟರು. ಬಹುಮಾನಗಳ ಪಟ್ಟಿ, ಪ್ರವೇಶ ಶುಲ್ಕ, ತೀರ್ಪುಗಾರರ ತೀರ್ಮಾನವೇ ಅಂತಿಮ ಎಂಬ ಸಾಲು, ಎಲ್ಲವೂ ಅಚ್ಚುಕಟ್ಟಾಗಿದ್ದವು. ಮಳೆ ಬಂದರೆ ಓಟವನ್ನು ಮುಂದಿನ ಭಾನುವಾರಕ್ಕೆ ಹಾಕಲಾಗುವುದು ಎಂಬ ನಿಯಮವೂ ಇತ್ತು.

"ಮಳೆಗೆ ನಿಯಮ ಇದೆ. ಊರಿಗೆ ಕಾಯಿಲೆ ಬಂದರೆ ಏನು ಮಾಡುತ್ತೀರಿ?" ಎಂದು ಕೇಳಿದೆ.

ಅವರಲ್ಲಿ ಒಬ್ಬ ನಕ್ಕುಬಿಟ್ಟ. "ಅದು ಮುಗಿದೋತಲ್ಲ ಸಾರ್" ಎಂದ.

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಘೋಷಿಸಿದ್ದು ನಿಜ. ಆದರೆ ಆ ಹುಡುಗನೊಡನೆ ನನಗೆ ನಗಲಾಗಲಿಲ್ಲ. ಇಂಥದೇ ಒಂದು ಓಟಕ್ಕೆ ಐದು ವರ್ಷಗಳಿಗೂ ಹಿಂದೆ ನಾನು ಒಪ್ಪಿಗೆಯ ಚೀಟಿ ಬರೆದುಕೊಟ್ಟವನು. ಅದರಲ್ಲಿ ನಾನು ಮಾಡಿದ ತಪ್ಪು ಇನ್ನೊಬ್ಬರಿಂದ ಆಗದಿರಲಿ ಎಂದು ಇಂದಿನ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ನಾನು ಕೊಟ್ಟ ಚೀಟಿ

ಅದು 2021ರ ಮಾರ್ಚ್ ತಿಂಗಳು. ಮೊದಲನೆಯ ಅಲೆ ಇಳಿದಿತ್ತು. 60 ವರ್ಷ ದಾಟಿದವರಿಗೆ ಮಾರ್ಚ್ 1ರಿಂದ ಲಸಿಕೆ ಆರಂಭವಾಗಿತ್ತು. ಜನರಲ್ಲಿ ಧೈರ್ಯ ಬಂದಿತ್ತು, ನನ್ನಲ್ಲೂ ಬಂದಿತ್ತು. ಚಳ್ಳಕೆರೆಯ ಆಸುಪಾಸಿನ ಒಂದು ಹಳ್ಳಿಯ ಯುವಕ ಸಂಘದವರು ಬಂದು ಯುಗಾದಿಗೆ ಮೊದಲು ಗಾಡಿ ಓಟ ಇಟ್ಟುಕೊಂಡಿದ್ದೇವೆ, ವೈದ್ಯರ ಒಂದು ಮಾತು ಬರಹದಲ್ಲಿ ಬೇಕು ಎಂದರು. "ಓಡಾದು ಬಯಲಾಗೆ ಸಾರ್, ಗಾಳಿ ಆಡ್ತೈತೆ. ಗಾಡಿ ಮೇಲೆ ಇರಾದು ಒಬ್ಬ. ಇದ್ರಾಗೆ ಎಂಗ್ ಅಂಟುತ್ತೆ?" ಎಂದು ಅವರ ಮುಂದಾಳು ವಾದಿಸಿದ. ವಾದ ಸರಿಯಾಗಿಯೇ ಇತ್ತು. ನಾನು ಹೋಗಿ ಓಟದ ಬಯಲನ್ನು ನೋಡಿ ಬಂದೆ. ಜನ ದೂರ ದೂರ ನಿಲ್ಲಲು ಸುಣ್ಣದ ಗೆರೆ ಹಾಕಿಸಿದೆ. ಕೈಗೆ ಹಾಕುವ ದ್ರಾವಣದ ಬಾಟಲಿಗಳನ್ನು ಎಣಿಸಿದೆ. ಮಾಸ್ಕ್ ಕಡ್ಡಾಯ ಎಂಬ ಫ್ಲೆಕ್ಸ್ ಕಟ್ಟಿಸಿದೆ. ಚೀಟಿ ಬರೆದುಕೊಟ್ಟೆ.

ಓಟ ಚೆನ್ನಾಗಿಯೇ ನಡೆಯಿತು. ನಾನು ನೋಡದೇ ಹೋದದ್ದು ಓಟದ ಹಿಂದಿನ ರಾತ್ರಿಯನ್ನು. ದೂರದ ಊರುಗಳಿಂದ ಎತ್ತುಗಳನ್ನು ಗೂಡ್ಸ್ ವಾಹನಗಳಲ್ಲಿ ಹೇರಿಕೊಂಡು ಬಂದವರು ಹಿಂದಿನ ದಿನ ಸಂಜೆಯೇ ಊರು ಸೇರಿದ್ದರು. ಒಂದೊಂದು ಜೋಡಿಯ ಜೊತೆ ಐದಾರು ಜನ. ಸಮುದಾಯ ಭವನದಲ್ಲಿ ಹಾಸಿಗೆ ಸಾಲಾಗಿ ಬಿತ್ತು. ಜಾಗ ಸಾಲದವರನ್ನು ಊರಿನವರು ಮನೆಗೆ ಕರೆದುಕೊಂಡು ಹೋದರು. ನಮ್ಮ ಸೀಮೆಯಲ್ಲಿ ಬಂದವರನ್ನು ಹೊರಗೆ ಮಲಗಿಸುವ ಪದ್ಧತಿ ಇಲ್ಲ. ಪಂಕ್ತಿಯಲ್ಲಿ ಕುಳಿತು ಮುದ್ದೆ ಉಂಡರು. ಸೊಳ್ಳೆಗೆಂದು ಕಿಟಕಿ ಮುಚ್ಚಿ ಮಲಗಿದರು.

ಹೀಗೆ ನಾಲ್ವರನ್ನು ತಮ್ಮ ಪಡಸಾಲೆಯಲ್ಲಿ ಮಲಗಿಸಿಕೊಂಡವರು ಆ ಊರಿನ ಒಬ್ಬ ಹಿರಿಯರು. ಎಪ್ಪತ್ತರ ಆಸುಪಾಸು, ಸಕ್ಕರೆ ಕಾಯಿಲೆಗೆ ನನ್ನಲ್ಲಿಗೇ ಬರುತ್ತಿದ್ದರು. ಎತ್ತು ಕಟ್ಟುವುದರಲ್ಲಿ ಹೆಸರಾದವರು. "ಸೂಜಿ ಹಾಕಿಸ್ಕೊಳ್ಳಿ ಯಜಮಾನ್ರೇ" ಎಂದರೆ, "ಈ ಓಟ ಒಂದು ಮುಗೀಲಿ ಸ್ವಾಮಿ, ಕೈ ನೋವು ಬಂದ್ರೆ ಎತ್ತು ಹಿಡಿಯೋರ್ಯಾರು" ಎಂದಿದ್ದರು. ಓಟ ಮುಗಿದು ವಾರದೊಳಗೆ ಜ್ವರ ಬಂತು. ಓಟದ ಆಯಾಸ ಎಂದು ಮನೆಯಲ್ಲೇ ಉಳಿದರು. ನನ್ನಲ್ಲಿಗೆ ಕರೆತಂದಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಬೆರಳಿಗೆ ಸಿಕ್ಕಿಸಿದ ಯಂತ್ರ ರಕ್ತದ ಆಕ್ಸಿಜನ್ ಪ್ರಮಾಣವನ್ನು 78 ಎಂದು ತೋರಿಸಿತು. ಆರೋಗ್ಯವಂತರಲ್ಲಿ ಅದು 95ಕ್ಕಿಂತ ಕಡಿಮೆಯಾಗುವುದಿಲ್ಲ. ಚಿತ್ರದುರ್ಗಕ್ಕೆ ಕಳಿಸಿದೆವು. ಒಂಬತ್ತನೆಯ ದಿನ ತೀರಿಕೊಂಡರು.

ಆ ಓಟದಿಂದಲೇ ಅವರಿಗೆ ಸೋಂಕು ಬಂತೆಂದು ನಾನು ಸಾಬೀತು ಮಾಡಲಾರೆ. ಅದು ಸಂತೆಯಿಂದಲೂ ಬಂದಿರಬಹುದು, ಬಸ್ಸಿನಿಂದಲೂ ಬಂದಿರಬಹುದು. ಆದರೆ ಅವರ ಮನೆಯಲ್ಲಿ ಮಲಗಿದ್ದ ನಾಲ್ವರಲ್ಲಿ ಇಬ್ಬರಿಗೆ ಊರಿಗೆ ಹೋದ ಕೂಡಲೇ ಜ್ವರ ಬಂದಿತ್ತೆಂದು ನನಗೆ ಆಮೇಲೆ ತಿಳಿಯಿತು. ನನ್ನ ಚೀಟಿಯಲ್ಲಿ ಮೈದಾನದ ಬಗ್ಗೆ ಆರು ಸಾಲುಗಳಿದ್ದವು. ರಾತ್ರಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅಪಾಯ ಇರುವುದು ಎಲ್ಲಿ?

ಕೋವಿಡ್‌ನಂಥ ಉಸಿರಾಟದ ಸೋಂಕು ಹರಡುವುದು ಮುಖ್ಯವಾಗಿ ರೋಗಿಯ ಉಸಿರು, ಮಾತು, ಕೂಗು, ಕೆಮ್ಮಿನೊಡನೆ ಹೊರಬರುವ ಅತಿ ಸಣ್ಣ ಹನಿಗಳ ಮೂಲಕ. ಬಯಲಿನಲ್ಲಿ ಗಾಳಿ ಅವುಗಳನ್ನು ಚದುರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಅವು ಹೊಗೆಯಂತೆ ಗಂಟೆಗಟ್ಟಲೆ ತೇಲುತ್ತಿರುತ್ತವೆ. ಒಲೆಯ ಹೊಗೆ ತುಂಬಿದ ಅಡಿಗೆ ಮನೆಯನ್ನೂ, ಬಯಲಿನಲ್ಲಿ ಉರಿಸಿದ ಒಲೆಯನ್ನೂ ನೆನಸಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಆದ್ದರಿಂದ ಗಾಡಿ ಓಡಿಸುವವನಿಗೆ ಓಟದ ಅರ್ಧ ನಿಮಿಷದಲ್ಲಿ ಸೋಂಕು ತಗಲುವ ಸಂಭವ ಬಹಳ ಕಡಿಮೆ. ಬಂದ ವಾಹನ, ಉಂಡ ಪಂಕ್ತಿ, ಮಲಗಿದ ಕೋಣೆ, ಶಾಮಿಯಾನದ ಕೆಳಗೆ ಹೆಗಲಿಗೆ ಹೆಗಲು ತಾಗಿಸಿ ಕೂಗುವ ಗುಂಪು, ಇವೇ ಸೋಂಕು ಹರಡುವ ಜಾಗಗಳು.

ಇನ್ನೊಂದು ವಿಷಯವನ್ನು ಏರ್ಪಾಟುದಾರರು ಮರೆಯಬಾರದು. ಸೋಂಕು ತಗಲಿದವನಿಗೆ ಲಕ್ಷಣ ಕಾಣಲು 2ರಿಂದ 14 ದಿನ ಬೇಕು, ಸಾಮಾನ್ಯವಾಗಿ ಐದಾರು ದಿನ. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಆತ ಇತರರಿಗೆ ಹರಡಬಲ್ಲ. ಉಸಿರಾಟ ಕೆಡುವುದು ಜ್ವರ ಬಂದ ಸುಮಾರು ಒಂದು ವಾರದ ಮೇಲೆ. ಸಾವು ಸಂಭವಿಸಿದರೆ ಅದು ಇನ್ನೂ ಒಂದೆರಡು ವಾರದ ನಂತರ. ಅಂದರೆ ಭಾನುವಾರದ ಓಟದ ಫಲ ತಿಳಿಯುವುದು ಮೂರು ನಾಲ್ಕು ವಾರ ಕಳೆದ ಮೇಲೆ. ಅಷ್ಟರಲ್ಲಿ ಶಾಮಿಯಾನ ಬಿಚ್ಚಿ, ಲೆಕ್ಕ ಒಪ್ಪಿಸಿ, "ನೋಡಿ, ಏನೂ ಆಗಲಿಲ್ಲ" ಎಂದು ಎಲ್ಲರೂ ಹೇಳಿಕೊಂಡಾಗಿರುತ್ತದೆ. ಪಕ್ಕದ ಊರಿನವರು ಅದನ್ನು ನಂಬಿ ತಮ್ಮ ಓಟಕ್ಕೂ ದಿನ ಗೊತ್ತು ಮಾಡಿರುತ್ತಾರೆ.

ದೊಡ್ಡ ಊರುಗಳೂ ಇದೇ ತಪ್ಪು ಮಾಡಿವೆ. 1918ರ ಇನ್‌ಫ್ಲುಯೆಂಜಾ ಸಾಂಕ್ರಾಮಿಕದಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರವು ಸೆಪ್ಟೆಂಬರ್ 28ರಂದು ಯುದ್ಧನಿಧಿ ಸಂಗ್ರಹದ ಮೆರವಣಿಗೆಯನ್ನು ನಿಲ್ಲಿಸದೆ ನಡೆಸಿತು. ಸುಮಾರು ಎರಡು ಲಕ್ಷ ಜನ ಸೇರಿದರು. ಕೆಲವೇ ದಿನಗಳಲ್ಲಿ ಅಲ್ಲಿನ ಆಸ್ಪತ್ರೆಗಳು ತುಂಬಿಹೋದವು. ಸೇಂಟ್ ಲೂಯಿಸ್ ನಗರವಾದರೋ ಮೊದಲ ರೋಗಿಗಳು ಕಂಡ ಕೆಲವೇ ದಿನಗಳಲ್ಲಿ ಸಭೆ ಸಮಾರಂಭಗಳನ್ನು ನಿಲ್ಲಿಸಿತು. ಅಲ್ಲಿ ಸಾವಿನ ಪ್ರಮಾಣ ಬಹಳ ಕಡಿಮೆಯಾಯಿತು. 2020ರಲ್ಲೂ ಅಷ್ಟೇ. ಇಟಲಿಯ ಮಿಲಾನ್‌ನಲ್ಲಿ ಫೆಬ್ರುವರಿ 19ರಂದು ಬೆರ್ಗಾಮೊದ ತಂಡ ಸ್ಪೇನಿನ ವೆಲೆನ್ಸಿಯಾ ತಂಡದೊಡನೆ ಫುಟ್‌ಬಾಲ್ ಆಡಿತು. ನೋಡಲು 40 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆ ದೇಶದಲ್ಲೇ ಹರಡಿದ ಸೋಂಕಿನ ಮೊದಲ ರೋಗಿ ಪತ್ತೆಯಾದದ್ದು ಅದರ ಎರಡು ದಿನಗಳ ಬಳಿಕ. ಪಂದ್ಯ ಏರ್ಪಡಿಸಿದವರನ್ನು ದೂರಿ ಫಲವಿಲ್ಲ. ರೋಗ ಊರಿನಲ್ಲಿ ಕಾಣುವ ಮೊದಲೇ ಊರಿನೊಳಗೆ ಇರುತ್ತದೆ ಎಂಬುದಷ್ಟೇ ನಾವು ಕಲಿಯಬೇಕಾದ ಪಾಠ.

ಋತುವಿನ ಆತುರ

ಇಷ್ಟೆಲ್ಲ ತಿಳಿದೂ ಓಟವನ್ನು ನಿಲ್ಲಿಸಲು ಏಕೆ ಆಗುವುದಿಲ್ಲ? ಏರ್ಪಾಟುದಾರರು ಕೆಟ್ಟವರೆಂದಲ್ಲ. ಇಂಥ ಸ್ಪರ್ಧೆಗಳಿಗೆ ಋತು ಇರುತ್ತದೆ, ಆ ಋತು ಕಾಯುವುದಿಲ್ಲ. ನಮ್ಮಲ್ಲಿ ಕಡಲೆಕಾಯಿ ಕಿತ್ತು, ಒಕ್ಕಣೆ ಮುಗಿದು, ಕೈಯಲ್ಲಿ ನಾಲ್ಕು ಕಾಸು ಆಡುವಾಗ ಓಟ ಇಡಬೇಕು. ಮುಂಗಾರು ಬಂದರೆ ಎತ್ತು ನೇಗಿಲಿಗೆ ಹೋಗುತ್ತದೆ. ಕರಾವಳಿಯ ಕಂಬಳವೂ ಹೀಗೆಯೇ. ನವೆಂಬರಿನಿಂದ ಮಾರ್ಚ್‌ವರೆಗೆ ಕೆಸರುಗದ್ದೆಯಲ್ಲಿ ನೀರಿರುವಾಗ ಕೋಣ ಓಡಿಸಬೇಕು, ತಪ್ಪಿದರೆ ಒಂದು ವರ್ಷ ಕಾಯಬೇಕು.

ಕಂಬಳದವರ ಅನುಭವ ನಮಗೆ ಹತ್ತಿರದ ಪಾಠ. 2020ರ ಫೆಬ್ರುವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿ ದೇಶವೆಲ್ಲ ತಿರುಗಿ ನೋಡುವಂತೆ ಮಾಡಿದ್ದರು. ಕಂಬಳಕ್ಕೆ ಹಿಂದೆಂದೂ ಇರದಿದ್ದ ಕೀರ್ತಿ ಬಂದಿತ್ತು. ಆರು ವಾರ ಕಳೆಯುವುದರೊಳಗೆ, ಮಾರ್ಚ್ 14ರಿಂದ, ರಾಜ್ಯ ಸರ್ಕಾರ ಜಾತ್ರೆ, ಸಮಾರಂಭ, ಕ್ರೀಡಾಕೂಟಗಳನ್ನೆಲ್ಲ ನಿಲ್ಲಿಸಿತು. ಮುಂದಿನ ಋತುವಿನಲ್ಲಿ ನವೆಂಬರಿಗೆ ಶುರುವಾಗಬೇಕಿದ್ದ ಕಂಬಳ 2021ರ ಜನವರಿ ಕೊನೆಗೆ ಶುರುವಾಯಿತು. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಬಂದಾಗ ಕಂಬಳಗಳು ಮತ್ತೆ ಮುಂದಕ್ಕೆ ಹೋದವು. ಕೋಣ ಸಾಕಿದವರಿಗೆ ನಷ್ಟವಾಯಿತು, ನಿಜ. ಆದರೆ ಕಂಬಳ ಅಳಿಯಲಿಲ್ಲ. ತಡವಾದ ಓಟ ಸತ್ತ ಓಟವಲ್ಲ.

ಋತುವಿನ ಆತುರವನ್ನು ಹೇಗೆ ಹಿಡಿತದಲ್ಲಿಡಬೇಕೆಂದು ನನಗೆ ತೋರಿಸಿದ್ದು ನಮ್ಮ ನೆಲದಲ್ಲಿ ಯಾರೂ ಕಾಣದ ಒಂದು ಆಟ. ಇಲ್ಲಿನ ಎಣ್ಣೆ ಗಿರಣಿಯವರ ಮನೆಯ ಹುಡುಗನೊಬ್ಬ ಅಮೆರಿಕದ ಮಿಚಿಗನ್ ರಾಜ್ಯದಲ್ಲಿ ಎಂಜಿನಿಯರ್. ತಾಯಿಯನ್ನು ತೋರಿಸಲು ಬಂದವನು ತನ್ನ ಫೋನಿನಲ್ಲಿ ಮಂಜುಗಡ್ಡೆಯ ಮೇಲೆ ದೋಣಿ ಓಡಿಸುವ ಸ್ಪರ್ಧೆಯನ್ನು ತೋರಿಸಿದ. ಚಳಿಗಾಲದಲ್ಲಿ ಅಲ್ಲಿನ ಸರೋವರಗಳು ಹೆಪ್ಪುಗಟ್ಟುತ್ತವೆ. ದೋಣಿಯ ಕೆಳಗೆ ಉಕ್ಕಿನ ಮೂರು ಅಲಗು, ಮೇಲೆ ಒಂದು ಹಾಯಿ, ಒಳಗೆ ಒಬ್ಬನೇ ಸವಾರ. ಗಾಳಿ ಹಿಡಿದರೆ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿ ಓಡುತ್ತದೆ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ 1937ರಲ್ಲಿ ಡೆಟ್ರಾಯಿಟ್ ನ್ಯೂಸ್ ಎಂಬ ದಿನಪತ್ರಿಕೆಯ ಕಾರ್ಯಾಗಾರದಲ್ಲಿ ರೂಪುಗೊಂಡದ್ದು, ಅದಕ್ಕೇ ಅದರ ಹೆಸರು ಡಿ.ಎನ್. ಕೆರೆಯಲ್ಲಿ ನೀರು ನಿಲ್ಲುವುದೇ ಅಪರೂಪವಾದ ನಮ್ಮ ತಾಲ್ಲೂಕಿನವರಿಗೆ ಹೆಪ್ಪುಗಟ್ಟಿದ ಕೆರೆ ಕಥೆಯಂತೆ ಕಂಡೀತು. ಆದರೆ ಆ ಹುಡುಗ ಹೇಳಿದ ಒಂದು ಪದ್ಧತಿ ನನ್ನ ಮನಸ್ಸಿನಲ್ಲಿ ಉಳಿಯಿತು.

ಅವರು ಸ್ಪರ್ಧೆಯ ವಾರವನ್ನು ಮೊದಲೇ ಗೊತ್ತು ಮಾಡುತ್ತಾರೆ, ಆದರೆ ಯಾವ ಸರೋವರ ಎಂಬುದನ್ನು ಕೆಲವೇ ದಿನ ಮುಂಚೆ ಹೇಳುತ್ತಾರೆ. ಮಂಜುಗಡ್ಡೆಯಲ್ಲಿ ತೂತು ಕೊರೆದು ದಪ್ಪವನ್ನು ಅಳೆಯುತ್ತಾರೆ. ಗಟ್ಟಿಯಾದ ಮಂಜುಗಡ್ಡೆ ನಾಲ್ಕು ಅಂಗುಲವಾದರೂ ಇಲ್ಲದಿದ್ದರೆ ಅದರ ಮೇಲೆ ಮನುಷ್ಯ ನಡೆಯಬಾರದೆಂಬುದು ಅಲ್ಲಿನ ಸಾಮಾನ್ಯ ತಿಳಿವಳಿಕೆ. ತೆಳುವಾಗಿದ್ದರೆ, ಅಥವಾ ಹಿಮ ಬಿದ್ದು ಮುಚ್ಚಿದರೆ, ಬೇರೆ ಜಾಗ ಹುಡುಕುತ್ತಾರೆ. ಸಿಗದಿದ್ದರೆ ಆ ಸಲ ಓಟವಿಲ್ಲ. ಯಾರಿಗೂ ಅವಮಾನವಾಗುವುದಿಲ್ಲ. ನಿರ್ಧಾರ ಮಾಡಿದ್ದು ಅಳತೆ, ಮನುಷ್ಯನಲ್ಲ. ಸಾಂಕ್ರಾಮಿಕದ ಕಾಲದಲ್ಲಿ ನಮಗೂ ಇಂಥ ಅಳತೆಗೋಲೊಂದು ಬೇಕು. ಅದನ್ನು ಬಳಸುವ ನಿಯಮ ಕರಪತ್ರ ಅಚ್ಚಾಗುವ ಮೊದಲೇ ಬರಹದಲ್ಲಿರಬೇಕು.

ಮೊದಲೇ ಏಕೆ ಬರೆಯಬೇಕು?

2021ರ ಮಾರ್ಚಿನಲ್ಲಿ ಆ ಯುವಕ ಸಂಘದವರು ನನ್ನಲ್ಲಿಗೆ ಬರುವ ಹೊತ್ತಿಗೆ ಪ್ರವೇಶ ಶುಲ್ಕ ವಸೂಲಾಗಿತ್ತು. ಬಹುಮಾನದ ಬೈಕನ್ನು ಊರೊಳಗೆ ಮೆರೆಸಿಯಾಗಿತ್ತು. ಮುಖ್ಯ ಅತಿಥಿಗಳ ಹೆಸರು ಫ್ಲೆಕ್ಸಿನಲ್ಲಿತ್ತು. ಆಗ "ಬೇಡ" ಎನ್ನುವುದು ಎಂದರೆ ಹಣ ಹಿಂದಿರುಗಿಸು, ಊರಿನ ಮರ್ಯಾದೆ ಕಳೆ ಎಂದಂತೆ. ಅವರು ನನ್ನನ್ನು ಕೇಳಿದ್ದು ಸಲಹೆಯನ್ನಲ್ಲ, ಮುದ್ರೆಯನ್ನು. ನಾನು ಅದನ್ನು ಅರಿಯದೆ ಒತ್ತಿದೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಚಿತ್ರದುರ್ಗದ ಸೀಮೆಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಟ್ಟುನಿಟ್ಟಾಗಿ ನಡೆಸುವವರೂ ನಡುವೆ ನಿಲ್ಲಿಸಬೇಕಾದೀತು ಎಂಬುದಕ್ಕೆ ಐಪಿಎಲ್ ಸಾಕ್ಷಿ. ಆಟಗಾರರನ್ನು ಹೊರಗಿನವರ ಸಂಪರ್ಕವಿಲ್ಲದೆ ಹೋಟೆಲುಗಳಲ್ಲಿ ಇಟ್ಟು, ಪದೇ ಪದೇ ಪರೀಕ್ಷೆ ಮಾಡಿಸಿ, 2021ರ ಏಪ್ರಿಲ್ 9ರಂದು ಪಂದ್ಯಾವಳಿ ಆರಂಭಿಸಿದರು. ಮೇ 4ರಂದು ನಿಲ್ಲಿಸಬೇಕಾಯಿತು. ಉಳಿದದ್ದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅರಬ್ ಎಮಿರೇಟ್ಸ್‌ನಲ್ಲಿ ನಡೆಯಿತು. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಹೊಸ ಸೋಂಕಿತರು ವರದಿಯಾದರು. ಕೋಟಿಗಟ್ಟಲೆ ಹಣವಿದ್ದವರಿಗೆ ಆಗದ್ದು ಶಾಮಿಯಾನ ಬಾಡಿಗೆಗೆ ತರುವ ನಮಗೆ ಆದೀತೆ?

ಹಾಗೆಂದು ಎಲ್ಲವನ್ನೂ ಮುಚ್ಚಿಬಿಡಿ ಎಂಬ ವಾದವೂ ನನ್ನದಲ್ಲ. ಓಟದ ಎತ್ತಿಗೆ ವರ್ಷವಿಡೀ ಹಿಂಡಿ, ಹುರುಳಿ ತಿನ್ನಿಸಿದ ಮನೆಯ ಕಷ್ಟವನ್ನು ನಾನು ಕಂಡಿದ್ದೇನೆ. ಓಟದ ದಿನ ಕಡಲೆಪುರಿ, ಮಂಡಕ್ಕಿ ಮಾರಿ ಬದುಕುವವರಿದ್ದಾರೆ. ಒಂಟಿತನ, ಬೇಸರ, ಕೆಲಸವಿಲ್ಲದ ಯುವಕರ ಕುಡಿತ, ಇವೂ ಆರೋಗ್ಯದ ಸಮಸ್ಯೆಗಳೇ. ಮೇಲಾಗಿ ಬರೀ ನಿಷೇಧ ಹಾಕಿದರೆ ಜನ ಕದ್ದು ಮಾಡುತ್ತಾರೆ. ಕದ್ದು ಮಾಡಿದ ಮದುವೆಗಳಿಂದ ಜ್ವರ ತಂದುಕೊಂಡು, ಎಲ್ಲಿಗೆ ಹೋಗಿದ್ದಿರಿ ಎಂದರೆ ಬಾಯಿ ಬಿಡದ ಎಷ್ಟೋ ರೋಗಿಗಳನ್ನು ಆಗ ನೋಡಿದ್ದೇನೆ. ಅದು ಇನ್ನೂ ಅಪಾಯ. ಕಿರಿದು ಮಾಡಿ ನಡೆಸುವ ದಾರಿಯೂ ಇದೆ. 2020ರ ಅಕ್ಟೋಬರ್ 26ರಂದು ಮೈಸೂರು ದಸರಾದ ಜಂಬೂಸವಾರಿ ಬನ್ನಿಮಂಟಪಕ್ಕೆ ಹೋಗದೆ ಅರಮನೆಯ ಆವರಣದಲ್ಲೇ ಮುಗಿಯಿತು. ನೋಡಲು ಅವಕಾಶವಿದ್ದದ್ದು ಸುಮಾರು 300 ಜನರಿಗೆ ಮಾತ್ರ. ಉಳಿದ ನಾಡು ಮನೆಯಲ್ಲಿ ಕುಳಿತು ಟಿವಿಯಲ್ಲಿ ನೋಡಿತು. ಅಭಿಮನ್ಯು ಮೊದಲ ಬಾರಿಗೆ ಅಂಬಾರಿ ಹೊತ್ತದ್ದು ಆ ವರ್ಷವೇ. ದಸರಾ ನಿಂತಿತು ಎಂದು ಯಾರೂ ಹೇಳಲಿಲ್ಲ.

ಕರಪತ್ರಕ್ಕೆ ಸೇರಬೇಕಾದ ನಿಯಮಗಳು

ಮೊನ್ನೆ ಬಂದ ಯುವಕರಿಗೆ ನಾನು ಬರೆದುಕೊಟ್ಟದ್ದನ್ನು ಇಲ್ಲಿಯೂ ಕೊಡುತ್ತಿದ್ದೇನೆ. ಕಬಡ್ಡಿ, ಕೊಕ್ಕೊ, ಕುಸ್ತಿ, ವಾಲಿಬಾಲ್, ಯಾವ ಪಂದ್ಯಾವಳಿಗೂ ಇದು ಹೊಂದುತ್ತದೆ. ಕಾಯಿಲೆ ಇಲ್ಲದ ಕಾಲದಲ್ಲಿ ಈ ನಿಯಮಗಳು ಮಲಗಿರಲಿ. ಸರ್ಕಾರ ಸಾಂಕ್ರಾಮಿಕದ ಎಚ್ಚರಿಕೆ ಕೊಟ್ಟ ದಿನ ಎದ್ದುಕೊಳ್ಳಲಿ.

1. ಓಟಕ್ಕೆ ಮೂರು ದಿನ ಮೊದಲು ಅಂತಿಮ ತೀರ್ಮಾನದ ದಿನ ಇರಲಿ. ತೀರ್ಮಾನಿಸುವ ಮೂವರ ಹೆಸರು ಮೊದಲೇ ಗೊತ್ತಾಗಲಿ. ಅವರಲ್ಲಿ ಒಬ್ಬರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಾಗಿರಲಿ. ಮೂವರಲ್ಲಿ ಯಾರೂ ಓಟಕ್ಕೆ ಹಣ ಹಾಕಿದವರಾಗಿರಬಾರದು, ಎತ್ತು ಕಟ್ಟಿದವರೂ ಆಗಿರಬಾರದು.

2. ಅಳತೆ ಸ್ಪಷ್ಟವಾಗಿರಲಿ. ಆರೋಗ್ಯ ಕೇಂದ್ರಕ್ಕೆ ಬರುವ ಜ್ವರ, ಕೆಮ್ಮಿನ ರೋಗಿಗಳ ಸಂಖ್ಯೆ ಎರಡು ವಾರಗಳಿಂದ ಏರುತ್ತಿದ್ದರೆ ಓಟವಿಲ್ಲ. ಪರೀಕ್ಷೆ ಮಾಡಿಸಿದ ನೂರರಲ್ಲಿ ಐವರಿಗಿಂತ ಹೆಚ್ಚು ಮಂದಿಗೆ ಸೋಂಕು ಕಂಡರೆ ಓಟವಿಲ್ಲ. ಎರಡು ವಾರ ಕಾಲ ಶೇಕಡ 5ಕ್ಕಿಂತ ಕೆಳಗಿರಬೇಕು ಎಂಬುದು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿರ್ಬಂಧ ಸಡಿಲಿಸಲು ಹೇಳಿದ ಅಳತೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಇರುವ ಹಾಸಿಗೆ ಖಾಲಿ ಇಲ್ಲದಿದ್ದರೂ ಓಟವಿಲ್ಲ.

3. ಓಟ ನಿಂತರೆ ಪ್ರವೇಶ ಶುಲ್ಕ ಪೂರ್ತಿ ವಾಪಸು, ಬಹುಮಾನ ಮುಂದಿನ ವರ್ಷಕ್ಕೆ. ಇದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಜ್ವರ ಬಂದು ಹಿಂದೆ ಸರಿದವನಿಗೂ ಶುಲ್ಕ ಪೂರ್ತಿ ವಾಪಸು ಕೊಡಿ. ಹಣ ಹೋಗುತ್ತದೆಂಬ ಭಯವಿದ್ದರೆ ಆತ ಜ್ವರದ ಗುಳಿಗೆ ನುಂಗಿ ಬಂದೇ ಬರುತ್ತಾನೆ.

4. ರಾತ್ರಿ ವಾಸ್ತವ್ಯ ಬೇಡ. ಬೆಳಿಗ್ಗೆ ಬಂದು ಸಂಜೆ ಹೋಗುವಷ್ಟು ದೂರದವರಿಗೆ ಮಾತ್ರ ಪ್ರವೇಶ. ಪಂಕ್ತಿ ಊಟ ಬೇಡ. ಅವರವರ ಬುತ್ತಿ ಅವರವರೇ ತರಲಿ, ಮರದ ನೆರಳಿನಲ್ಲಿ ಬೇರೆ ಬೇರೆ ಕುಳಿತು ಉಣ್ಣಲಿ. ಒಂದು ಜೋಡಿ ಎತ್ತಿನೊಡನೆ ಇಬ್ಬರೋ ಮೂವರೋ ಸಾಕು.

5. ಬಂದವರೆಲ್ಲರ ಹೆಸರು, ಊರು, ಫೋನ್ ನಂಬರು ಒಂದು ಪುಸ್ತಕದಲ್ಲಿರಲಿ. ಹದಿನಾಲ್ಕು ದಿನ ಅದನ್ನು ಜೋಪಾನ ಮಾಡಿ. ಒಬ್ಬರಿಗೆ ಸೋಂಕು ತಿಳಿದರೆ ಅಂದೇ ಎಲ್ಲರಿಗೂ ಫೋನ್ ಹೋಗಲಿ. ನನ್ನ ರೋಗಿಯ ಮನೆಗೆ ಆ ಫೋನ್ ಬಂದಿದ್ದರೆ ಅವರು ನಾಲ್ಕು ದಿನ ಮೊದಲೇ ನನ್ನಲ್ಲಿಗೆ ಬರುತ್ತಿದ್ದರು.

6. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಆ ವರ್ಷ ಓಟವನ್ನು ಮೊಮ್ಮಕ್ಕಳ ಫೋನಿನಲ್ಲಿ ನೋಡಲಿ. ಲಸಿಕೆ ದೊರೆಯುತ್ತಿದ್ದರೆ ಓಟಕ್ಕೆ ಮೊದಲು ಹಾಕಿಸಿಕೊಳ್ಳಲಿ, ಆಮೇಲೆ ಎನ್ನುವುದು ಬೇಡ. ಲಸಿಕೆ ಹಾಕಿದ ದಿನವೇ ರಕ್ಷಣೆ ಬರುವುದಿಲ್ಲ, ವಾರಗಳು ಬೇಕು.

7. ಗಾಯಾಳುಗಳ ಲೆಕ್ಕವನ್ನೂ ಹಾಕಿ. ಗಾಡಿ ಓಟದಲ್ಲಿ ಬೀಳುವವರು, ಚಕ್ರಕ್ಕೆ ಸಿಕ್ಕುವವರು, ಕೊಂಬಿನ ತಿವಿತಕ್ಕೆ ಒಳಗಾಗುವವರು ಇದ್ದೇ ಇರುತ್ತಾರೆ. 2021ರ ಏಪ್ರಿಲ್, ಮೇ ತಿಂಗಳಲ್ಲಿ 108ರ ವಾಹನವೂ ಶಸ್ತ್ರಚಿಕಿತ್ಸಕರೂ ಉಸಿರು ಕಟ್ಟಿದವರ ಹಿಂದೆ ಓಡುತ್ತಿದ್ದರು. ಅಂಥ ಸಮಯದಲ್ಲಿ ಮುರಿದ ಕಾಲಿಗೂ ಹಾಸಿಗೆ ಸಿಗುವುದಿಲ್ಲ. ಬಯಲಿನಲ್ಲಿ ಓಡಿದ್ದರಿಂದ ಒಬ್ಬರಿಗೂ ಸೋಂಕು ತಗಲಲಿಲ್ಲ ಎಂದಿಟ್ಟುಕೊಂಡರೂ ಈ ಹೊರೆ ತಪ್ಪದು.

ಓಡುವವರಿಗೆ ಒಂದು ಮಾತು

ಸೋಂಕಿನಿಂದ ಗುಣವಾದ ಯುವಕರು ಕೂಡಲೇ ಅಭ್ಯಾಸಕ್ಕೆ ಇಳಿಯುವುದನ್ನು ಕಂಡಿದ್ದೇನೆ. ಜ್ವರ ಬಿಟ್ಟ ಮಾತ್ರಕ್ಕೆ ದೇಹ ಸಿದ್ಧವಾಗಿದೆ ಎಂದಲ್ಲ. ಕೋವಿಡ್, ಇನ್‌ಫ್ಲುಯೆಂಜಾದಂಥ ವೈರಾಣು ಸೋಂಕುಗಳಲ್ಲಿ ಕೆಲವರಿಗೆ ಹೃದಯದ ಸ್ನಾಯು ಊದಿಕೊಳ್ಳುವುದುಂಟು. ಇದು ಅಪರೂಪ. ಆದರೆ ಆ ಸ್ಥಿತಿಯಲ್ಲಿ ಬಿರುಸಾಗಿ ಓಡಿದರೆ ಹೃದಯದ ಬಡಿತ ತಪ್ಪಿ ಪ್ರಾಣಕ್ಕೇ ಕುತ್ತು ಬಂದೀತು. ಲಕ್ಷಣಗಳೆಲ್ಲ ಹೋದ ಮೇಲೆ ಒಂದು ವಾರವಾದರೂ ಬರೀ ನಡಿಗೆ ಇರಲಿ, ನಂತರ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಎದೆ ನೋವು, ಎದೆ ಡವಗುಟ್ಟುವುದು, ತಲೆ ಸುತ್ತು, ಮೊದಲಿಲ್ಲದ ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ, ಇ.ಸಿ.ಜಿ. ಮಾಡಿಸಿ.

ನಮ್ಮ ಊರುಗಳಿಗೆ ಇದು ಹೊಸದಲ್ಲ

ಹಳ್ಳಿಯವರು ಇಷ್ಟೊಂದು ನಿಯಮ ಪಾಲಿಸುವುದುಂಟೆ ಎಂದು ಪೇಟೆಯವರು ಕೇಳುತ್ತಾರೆ. ನಮ್ಮ ಸೀಮೆಯಲ್ಲಿ ಹೊರಬೀಡು ಎಂಬ ಆಚರಣೆ ಇದೆ. ಮಾರಿ, ಬೇನೆ ಊರು ಹೊಕ್ಕಿತು ಎಂದಾಗ ಹಿರಿಯರು ದಿನ ಗೊತ್ತು ಮಾಡಿ ಡಂಗುರ ಸಾರಿಸುತ್ತಾರೆ. ಆ ದಿನ ಊರಿಗೆ ಊರೇ ಮನೆಗೆ ಬೀಗ ಹಾಕಿ, ದನ ಕರು ಹೊಡೆದುಕೊಂಡು ಹೊಲಗಳಿಗೆ ಹೋಗಿ ಅಲ್ಲೇ ಅಡಿಗೆ ಮಾಡಿ ಉಂಡು ಸಂಜೆ ಮರಳುತ್ತದೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದ ಮೇಲಿನ ವರ್ಷಗಳಲ್ಲಿ ಜನ ತಿಂಗಳುಗಟ್ಟಲೆ ಊರ ಹೊರಗೆ ಗುಡಿಸಲು ಹಾಕಿಕೊಂಡು ಬದುಕಿದ್ದರು. ಇವುಗಳ ವೈಜ್ಞಾನಿಕ ಸರಿತಪ್ಪು ಬೇರೆ ಮಾತು. ಎಲ್ಲರಿಗೂ ಮೊದಲೇ ತಿಳಿಸಿದ, ಬಡವ ಬಲ್ಲಿದ ಭೇದವಿಲ್ಲದ ನಿಯಮವನ್ನು ನಮ್ಮ ಊರುಗಳು ತಪ್ಪದೆ ನಡೆಸುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಓಟದ ಹಿಂದಿನ ದಿನ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದು ಹಾಕುವ ನಿಷೇಧವನ್ನು ಮಾತ್ರ ಅವು ಒಪ್ಪುವುದಿಲ್ಲ.

ಕಂಬಳ, ಎತ್ತಿನ ಗಾಡಿ ಓಟಗಳಿಗೆ ಅವಕಾಶ ಕೊಡುವ ರಾಜ್ಯದ 2017ರ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿದಿದೆ. ನಿಬಂಧನೆಗಳಿಗೆ ಒಳಪಟ್ಟು ಓಟಗಳು ನಡೆಯುತ್ತವೆ, ನಡೆಯಲಿ. ಅನುಮತಿಗೆ ಅರ್ಜಿ ಹಾಕುವಾಗ ಪ್ರಾಣಿಗಳ ರಕ್ಷಣೆಗೆ ಒಂದು ಪುಟವಿರುತ್ತದೆ. ಸಾಂಕ್ರಾಮಿಕ ಬಂದರೆ ಏನು ಮಾಡುತ್ತೇವೆ ಎಂಬುದಕ್ಕೆ ಇನ್ನೊಂದು ಪುಟವನ್ನು ಸೇರಿಸಲು ಖರ್ಚೇನೂ ಆಗದು. ಮುಂದಿನ ಸಾಂಕ್ರಾಮಿಕ ಯಾವಾಗ ಬರುತ್ತದೆಂದು ಯಾವ ವೈದ್ಯನೂ ಹೇಳಲಾರ. ಬರುವಾಗ ಅದು ನಮ್ಮ ಸುಗ್ಗಿಯನ್ನೂ ಯುಗಾದಿಯನ್ನೂ ನೋಡಿಕೊಂಡು ಬರುವುದಿಲ್ಲ.

ಆ ನಾಲ್ವರು ಯುವಕರು ನನ್ನ ಪಟ್ಟಿಯನ್ನು ಓದಿದರು. ನಕ್ಕಿದ್ದ ಹುಡುಗನೇ, "ಸಾರ್, ಮಳೆ ನಿಯಮದ ಕೆಳಗೇ ಇದನ್ನೂ ಹಾಕಿಸ್ತೀವಿ" ಎಂದ. ಪ್ರಥಮ ಚಿಕಿತ್ಸೆಗೆ ಬರುತ್ತೇನೆಂದು ನಾನೂ ಒಪ್ಪಿಕೊಂಡೆ. ಈ ಸಲ ಹಿಂದಿನ ದಿನ ಸಂಜೆಯೇ ಹೋಗಿ, ಜನ ಎಲ್ಲಿ ಮಲಗುತ್ತಾರೆಂದು ನೋಡಿ ಬರುವವನಿದ್ದೇನೆ.